ಮದುವೆ ಜಂಪರ್ ಕೆಟ್ಟಿದೆ, ಟೇಲರ್ ಅಪ್ಪನ ಗೆಳೆಯ

ಪ್ರಶ್ನೆ: ಅಕ್ಕಾ, ನನ್ನ ಮದುವೆಗೆ ಇನ್ನು ಎರಡೇ ವಾರ ಇದೆ. ಅಕ್ಕಿಕಾಳಿನ (ಅಕ್ಷತೆಯ) ಹೊತ್ತಿಗೆ ಉಡುವ ರೇಷ್ಮೆ ಸೀರೆಯ ಜಂಪರ್ ಹೊಲಿಯಲು ಕೊಟ್ಟಿದ್ದೆವು. ತೋಳಿಗೂ ಬೆನ್ನಿಗೂ ಆರಿ ವರ್ಕ್, ಅಂದರೆ ದಾರ-ಮಣಿಯ ಕಸೂತಿ, ಮಾಡಿಸಿದ್ದೇವೆ. ಮೊದಲ ಸಲ ಹಾಕಿ ನೋಡಿದಾಗ ಎದೆ ಹತ್ತಿರ ಸ್ವಲ್ಪ ಸಡಿಲ ಇತ್ತು, ತೋಳು ಮೊಣಕೈ ದಾಟಿತ್ತು. ಬಿಗಿ ಮಾಡಿ, ತೋಳು ಗಿಡ್ಡ ಮಾಡಿ ಅಂತ ವಾಪಸ್ ಕೊಟ್ಟೆ. ಈಗ ಬಂದಿರುವುದನ್ನು ನೋಡಿದರೆ ಅಳುವೇ ಬರುತ್ತದೆ. ಕೆಳಗಿನ ಹುಕ್ ಹಾಕಲು ಇಬ್ಬರು ಬೇಕು. ಕೈ ಎತ್ತಿದರೆ ಜಂಪರ್ ಪೂರ್ತಿ ಮೇಲೆ ಬರುತ್ತದೆ. ಕಂಕುಳ ಹತ್ತಿರ ಬಟ್ಟೆ ಸುಕ್ಕು ಸುಕ್ಕು. ಕೇಳಿದರೆ ಟೇಲರ್ ಕಾಕಾ, "ನೀನೇ ದಪ್ಪ ಆಗೀದಿ ನೋಡವ್ವಾ" ಅಂತಾರೆ. ಅವರು ಅಪ್ಪನ ಹಳೇ ಗೆಳೆಯ, ಹಾಗಾಗಿ ಅಪ್ಪ ಬಾಯಿ ಬಿಡುತ್ತಿಲ್ಲ. ಅವ್ವ "ಸೆರಗು ಹೊದ್ದರ ಯಾರಿಗಿ ಕಾಣ್ತದ, ಸುಮ್ನಿರು" ಅಂತಾಳೆ. ಏನು ಮಾಡಲಿ?
– ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ಜಂಪರ್ ಈಗ ನಿನ್ನ ಹತ್ತಿರವೇ ಇದೆ ಅಲ್ವಾ? ಹಾಗಾದರೆ ಸದ್ಯಕ್ಕೆ ಅದನ್ನು ಯಾರ ಕೈಗೂ ಕೊಡಬೇಡ. ಟೇಲರ್ ಕಾಕಾಗೂ ಬೇಡ, "ನಾ ಮಾಡಿಕೊಡ್ತೀನಿ ತಾ" ಅನ್ನುವ ಪಕ್ಕದ ಮನೆ ಕಾಕಿಗೂ ಬೇಡ. ಜಗಳ, ದುಡ್ಡು, ಅಪ್ಪನ ಗೆಳೆತನ ಎಲ್ಲ ಆಮೇಲೆ ನೋಡಿಕೊಳ್ಳೋಣ. ಜಂಪರ್ ಉಳಿಯುತ್ತದೋ ಇಲ್ಲವೋ ಅನ್ನುವುದು ಯಾರ ತಪ್ಪು ಅನ್ನುವುದರ ಮೇಲಿಲ್ಲ, ಒಳಗೆ ಎಷ್ಟು ಬಟ್ಟೆ ಉಳಿದಿದೆ ಅನ್ನುವುದರ ಮೇಲಿದೆ.

ಉಲ್ಟಾ ಮಾಡಿ ಹಾಸಿಗೆ ಮೇಲೆ ಹರವು. ಪಕ್ಕದ ಹೊಲಿಗೆಯ ಆಚೆ ಎಷ್ಟು ಮಾರ್ಜಿನ್ ಇದೆ ಅಂತ ಟೇಪ್ ಹಿಡಿದು ಅಳೆ. ಒಂದು ಇಂಚು ಇದ್ದರೆ ಅರ್ಧ ಚಿಂತೆ ಕಳೆಯಿತು. ಎಡಕ್ಕೆ ಎರಡು, ಬಲಕ್ಕೆ ಎರಡು, ಮುಂದಿನದೂ ಹಿಂದಿನದೂ ಸೇರಿ ನಾಲ್ಕು ಅಂಚು ಸಿಗುತ್ತವೆ. ಒಂದೊಂದರಲ್ಲಿ ಅರ್ಧ ಇಂಚು ಬಿಟ್ಟರೂ ಸುತ್ತಳತೆ 2 ಇಂಚು ಹೆಚ್ಚುತ್ತದೆ. ಅಷ್ಟಿದ್ದರೆ ಮದುವೆ ಊಟ ಹೊಟ್ಟೆ ತುಂಬ ಮಾಡಬಹುದು.

ಆದರೆ ಬಿಚ್ಚಿಸುವ ಮುಂಚೆ ಒಂದು ವಿಷಯ. ಈಗಿರುವ ಹೊಲಿಗೆ ಬಿಚ್ಚಿ ಆಚೆ ಹೊಲಿದರೆ ಈ ಸೂಜಿ ತೂತುಗಳು ಹೊರಗಡೆ ಬರುತ್ತವೆ. ಹತ್ತಿ ಬಟ್ಟೆಯಾದರೆ ನೀರು ಚಿಮುಕಿಸಿ ಉಜ್ಜಿದರೆ ತೂತು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಒತ್ತಾಗಿ ನೇಯ್ದ ರೇಷ್ಮೆಯಲ್ಲಿ ಅಷ್ಟು ಸುಲಭವಾಗಿ ಮುಚ್ಚುವುದಿಲ್ಲ. ಅದಕ್ಕೇ ಕೆಳಗೆ ಸೊಂಟದ ಹತ್ತಿರ ಎರಡು ಇಂಚು ಉದ್ದ ಮಾತ್ರ ಬಿಚ್ಚಿಸಿ, ಹಗಲು ಬೆಳಕಿನಲ್ಲಿ ನೋಡು. ಗೆರೆ ಕಂಡರೆ ತಲೆ ಕೆಡಿಸಿಕೊಳ್ಳಬೇಡ, ಪಕ್ಕದ ಹೊಲಿಗೆ ತೋಳಿನ ಕೆಳಗೇ ಇರುತ್ತದೆ. ಅವ್ವ ಹೇಳಿದ್ದು ಈ ಒಂದು ಗೆರೆಯ ಮಟ್ಟಿಗೆ ನಿಜ. ಮಿಕ್ಕಿದ್ದಕ್ಕೆ ಅಲ್ಲ. ಕೈ ಎತ್ತಿ ಹಾರ ಹಾಕಬೇಕಾದವಳು ನೀನು, ಸೆರಗಲ್ಲ.

ಇನ್ನು ಕೈ ಎತ್ತಿದರೆ ಜಂಪರ್ ಪೂರ್ತಿ ಮೇಲೆ ಬರುವುದು. ಇದಕ್ಕೆ ನೀನು ದಪ್ಪ ಆಗಿರುವುದು ಕಾರಣ ಅಲ್ಲ. ಎದೆ ಹತ್ತಿರ ಸಡಿಲ ಇದ್ದರೆ ಟಕ್ಸ್, ಅಂದರೆ ಎದೆಯ ಆಕಾರಕ್ಕೆ ಹಿಡಿಯುವ ಮಡಿಕೆ ಹೊಲಿಗೆ, ಸರಿಪಡಿಸಬೇಕು. ಅದು ನಿಧಾನದ ಕೆಲಸ. ಸೀಸನ್‌ನಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ತೋಳಿನ ಅಂಚಿನಿಂದ ಹಿಡಿದು ಕಂಕುಳ ದಾಟಿ ಸೊಂಟದವರೆಗೆ ಒಂದೇ ಉದ್ದ ಹೊಲಿಗೆ ಓಡಿಸಿಬಿಡುತ್ತಾರೆ, ಎದೆಯ ಜೊತೆ ತೋಳೂ ಬಿಗಿಯುತ್ತದೆ, ಕಂಕುಳ ಕೆಳಗೆ ಇಳಿಯುತ್ತದೆ. ಕಂಕುಳ ಕೆಳಗಿಳಿದಷ್ಟೂ ಕೈ ಆಡುವುದು ಕಷ್ಟ. ಸಡಿಲ ಮಾಡಲು ಇನ್ನೂ ಕೆಳಗೆ ಕತ್ತರಿಸ್ತೀನಿ ಅಂತ ಯಾರಾದರೂ ಕತ್ತರಿ ಎತ್ತಿದರೆ ತಕ್ಷಣ ಕೈ ಹಿಡಿ. ತೋಳು ಗಿಡ್ಡ ಮಾಡಿದ್ದೂ ಇಲ್ಲಿಗೇ ಬರುತ್ತದೆ. ಕೆಳ ಅಂಚಿನಲ್ಲಿ ಆರಿ ವರ್ಕ್ ಇರುವುದರಿಂದ ಅಲ್ಲಿ ಕತ್ತರಿಸುವ ಹಾಗಿಲ್ಲ, ಭುಜದ ಕಡೆಯಿಂದ ಕತ್ತರಿಸಿರುತ್ತಾರೆ. ಆಗ ತೋಳಿನ ಮೇಲಿನ ದುಂಡು ಕೆಟ್ಟರೆ ಸುಕ್ಕು ಗ್ಯಾರಂಟಿ.

ಪರಿಹಾರ ಇದೆ. ಕಂಕುಳಲ್ಲಿ ಅಂಗೈಗಿಂತ ಚಿಕ್ಕದಾದ, ಶಂಕರಪೋಳಿ ಆಕಾರದ ಒಂದು ತುಂಡು ಬಟ್ಟೆ ಕೂಡಿಸುವುದು. ಕೈ ಇಳಿಸಿದಾಗ ಅದು ಮಡಚಿಕೊಂಡು ಒಳಗೆ ಹೋಗುತ್ತದೆ, ಎತ್ತಿದಾಗ ಬಿಚ್ಚಿಕೊಳ್ಳುತ್ತದೆ. ಜಂಪರ್ ಪೀಸಿನಲ್ಲಿ ಉಳಿದ ಚೂರನ್ನು ಟೇಲರ್ ಅಂಗಡಿಯಿಂದ ಇವತ್ತೇ ತರಿಸು, ಕಸದ ಜೊತೆ ಹೋದರೆ ಆ ಬಣ್ಣ ಮತ್ತೆ ಸಿಗುವುದಿಲ್ಲ. ಸಿಗದಿದ್ದರೆ ಸೀರೆಯ ಒಳತುದಿಯಲ್ಲಿ, ಅಂದರೆ ಸೊಂಟಕ್ಕೆ ಮೊದಲು ಸಿಕ್ಕಿಸುವ ಭಾಗದಲ್ಲಿ, ಒಂದು ಗೇಣು ತೆಗೆದರೆ ಯಾರಿಗೂ ತಿಳಿಯುವುದಿಲ್ಲ. ಮಾರ್ಜಿನ್ ಪೂರ್ತಿ ಕತ್ತರಿಸಿ ಓವರ್‌ಲಾಕ್ (ಅಂಚಿನ ದಾರ ಬಿಡದ ಹಾಗೆ ಹಾಕುವ ಹೊಲಿಗೆ) ಮಾಡಿಬಿಟ್ಟಿದ್ದರೂ ಇದೇ ದಾರಿ, ಆದರೆ ಆಗ ತುಂಡಿನ ಬದಲು ಕಂಕುಳಿಂದ ಸೊಂಟದವರೆಗೆ ಉದ್ದ ಪಟ್ಟಿ ಕೂಡಿಸಬೇಕಾಗುತ್ತದೆ. ಬೆನ್ನಿನ ಹೊಲಿಗೆ ಬಿಚ್ಚಿ ಡೋರಿ ಹಾಕುವ ಐಡಿಯಾ ಕೆಲವರು ಕೊಡುತ್ತಾರೆ, ನಿನ್ನ ಬೆನ್ನ ಮೇಲೆ ವರ್ಕ್ ಇರುವುದರಿಂದ ಅದನ್ನು ಮರೆತುಬಿಡು.

ವರ್ಕ್ ಬಗ್ಗೆ ಸ್ವಲ್ಪ ಗಾಬರಿ ಬೀಳಿಸುತ್ತೇನೆ, ಕ್ಷಮಿಸು. ಆರಿ ಹೊಲಿಗೆ ಸರಪಳಿ ಹೊಲಿಗೆ. ತುದಿಯಲ್ಲಿ ದಾರ ಕತ್ತರಿಸಿ ಎಳೆದರೆ ಸರ್ರನೆ ಇಡೀ ಸಾಲು ಬಿಚ್ಚಿಕೊಂಡು ಬರುತ್ತದೆ, ಮಣಿ ಎಲ್ಲ ನೆಲಕ್ಕೆ. ತೋಳು ಬಿಚ್ಚುವ ಮುಂಚೆ, ಹೊಲಿಗೆ ಹಾಯುವ ಜಾಗದಲ್ಲಿ ದಾರದ ತುದಿಗಳನ್ನು ಹಿಂದಗಡೆಯಿಂದ ಕೈಯಲ್ಲಿ ಗಂಟು ಹಾಕಬೇಕು, ಅಡ್ಡ ಬರುವ ಮಣಿಗಳನ್ನು ತೆಗೆದಿಡಬೇಕು. ಮಣಿ ಮೇಲೆ ಮಿಷನ್ ಓಡಿದರೆ ಸೂಜಿಯೂ ಮುರಿಯುತ್ತದೆ, ಮಣಿಯೂ ಒಡೆಯುತ್ತದೆ. ಹಾಗಾಗಿ ಮೊದಲು ವರ್ಕ್ ಮಾಡಿದವರ ಹತ್ತಿರ ಹೋಗು, ಆಮೇಲೆ ಹೊಲಿಯುವವರ ಹತ್ತಿರ. ಈ ಕ್ರಮ ತಪ್ಪಿಸಬೇಡ.

ಯಾರ ಕೈಲಿ ಮಾಡಿಸುವುದು? ನನ್ನನ್ನು ಕೇಳಿದರೆ ಕಾಕಾಗೇ ಇನ್ನೊಂದು ಅವಕಾಶ ಕೊಡು, ಷರತ್ತಿನ ಮೇಲೆ. ಸೀಸನ್‌ನಲ್ಲಿ ಕತ್ತರಿಸುವವರು ಮಾಸ್ತರ್ ಆದರೂ ಹೊಲಿಯುವವರು ಬೇರೆ ಹುಡುಗರು, ನಿನ್ನ ಜಂಪರ್ ಬಿಗಿ ಮಾಡಿದ್ದು ಕಾಕಾನ ಕೈ ಅಲ್ಲದೇ ಇರಬಹುದು. ಸಂಜೆ ಗಿರಾಕಿ ತುಂಬಿರುವಾಗ ಹೋಗಬೇಡ, ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ಹೋಗು. ಅಪ್ಪನನ್ನು ಕರೆದುಕೊಂಡು ಹೋಗಬೇಡ, ಇಬ್ಬರು ಗೆಳೆಯರು ಚಹಾ ಕುಡಿದು "ಆಗ್ತದ ಬಿಡು" ಅಂತ ಮಾತು ಮುಗಿಸಿಬಿಡುತ್ತಾರೆ. ಅವ್ವನೋ ಅತ್ತಿಗೆಯೋ ಜೊತೆಗಿರಲಿ. ಮದುವೆ ದಿನ ಹಾಕುವ ಬ್ರಾ ಹಾಕಿಕೊಂಡೇ ಜಂಪರ್ ತೊಟ್ಟು ತೋರಿಸು. "ಚೆನ್ನಾಗಿಲ್ಲ" ಅಂದರೆ ಯಾರಿಗೂ ಏನೂ ಅರ್ಥ ಆಗುವುದಿಲ್ಲ. "ಕಾಕಾ, ಹಾರ ಹಾಕೋಕೆ ಕೈ ಎತ್ತೋಕೆ ಆಗ್ತಿಲ್ಲ, ಕಂಕುಳಲ್ಲಿ ಎಳೀತದೆ, ಇಲ್ಲಿ ತುಂಡು ಕೂಡಿಸಿ ನೀವೇ ಕೂತು ಹೊಲಿದುಕೊಡ್ರಿ" ಅನ್ನು. ದಪ್ಪದ ಮಾತು ಮತ್ತೆ ಬಂದರೆ ಮೊದಲು ಕೊಟ್ಟಿದ್ದ ಅಳತೆ ಜಂಪರ್ ತೊಟ್ಟು ತೋರಿಸು, ಅದು ಈಗಲೂ ಸರಿಯಾಗಿ ಕೂತರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಎರಡು ದಿನದ ಗಡುವು ಹಾಕು. ಅವರು ಹೂಂ ಅನ್ನದಿದ್ದರೆ ಬಟ್ಟೆ ಎತ್ತಿಕೊಂಡು ಬೇರೆಯವರ ಹತ್ತಿರ ಹೋಗು. ಆ ಖರ್ಚಿನ ಮಾತು ಮದುವೆ ಮುಗಿದ ಮೇಲೆ ಅಪ್ಪ ಆಡಲಿ, ಗೆಳೆತನ ಅಂದಮೇಲೆ ಇಷ್ಟಾದರೂ ಉಪಯೋಗಕ್ಕೆ ಬರಬೇಕಲ್ವಾ.

ಇಷ್ಟರ ಜೊತೆಗೆ ಇನ್ನೊಂದು ಜಂಪರ್ ಕಪಾಟಿನಲ್ಲಿ ತಯಾರಿರಲಿ. ಸೀರೆ ಅಂಚಿನ ಬಣ್ಣದ ಗುಳೇದಗುಡ್ಡದ ಖಣ ತಂದು, ವರ್ಕ್ ಗಿರ್ಕ್ ಏನೂ ಇಲ್ಲದೆ, ನಿನಗೆ ಸರಿ ಕೂರುವ ಹಳೇ ಜಂಪರ್ ಅಳತೆಗೆ ಹೊಲಿಸು. ಇಳಕಲ್ ಸೀರೆಗೆ ಖಣದ ಜಂಪರ್ ತೊಟ್ಟು ನಮ್ಮ ಕಡೆ ಎಷ್ಟು ಮದುವೆ ಆಗಿಲ್ಲ ಹೇಳು, ಫೋಟೋದಲ್ಲಿ ಅದು ಕಮ್ಮಿ ಕಾಣುವುದಿಲ್ಲ. ಒಳಗೆ ಕೊಡುವ ಅಸ್ತರಿನ ಹತ್ತಿ ಬಟ್ಟೆಯನ್ನು ಮಾತ್ರ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡು. ನೆನೆಸದೆ ಹೊಲಿದ ಅಸ್ತರು ಮೊದಲ ಒಗೆತಕ್ಕೇ ಕುಗ್ಗಿ ಮೇಲಿನ ಬಟ್ಟೆಯನ್ನು ಎಳೆಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಕಂಕುಳಿಗೆ ಬೆವರು ಹೀರುವ ಪ್ಯಾಡ್ ಇಡುವುದನ್ನೂ ಮರೆಯಬೇಡ, ರೇಷ್ಮೆ ಮೇಲಿನ ಬೆವರಿನ ಕಲೆ ಹೋಗುವುದು ಕಷ್ಟ.

ಪ್ರಶ್ನೆ: ತಂಗಿಯ ರಿಸೆಪ್ಷನ್ ಲೆಹಂಗಾ ಉದ್ದ ಕಮ್ಮಿ ಮಾಡಿಸಲು ಹೈದರಾಬಾದಿನ ಒಂದು ಅಂಗಡಿಗೆ ಕೊಟ್ಟಿದ್ದೆವು. ಚೀಟಿಯಲ್ಲಿ 41 ಇಂಚು ಅಂತ ಅವರೇ ಬರೆದಿದ್ದಾರೆ, ಕತ್ತರಿಸಿದ್ದು 38ಕ್ಕೆ. ಹಿಮ್ಮಡಿ ಪೂರ್ತಿ ಕಾಣುತ್ತಿತ್ತು. ಕೊನೇ ಗಳಿಗೆಯಲ್ಲಿ ಬೇರೆ ಸೀರೆ ಉಟ್ಟಳು. ಮದುವೆ ಮುಗಿಯಿತು, ಅಂಗಡಿಯವರು ಫೋನ್ ಎತ್ತುತ್ತಿಲ್ಲ. ದುಡ್ಡು ವಾಪಸ್ ಬರುವ ದಾರಿ ಇದೆಯಾ?
– ಓದುಗರು, ಬೀದರ್

ಉತ್ತರ: ಇದೆ, ನಿಮ್ಮ ಕೇಸ್ ಗಟ್ಟಿಯೂ ಇದೆ. ಸಾಮಾನ್ಯವಾಗಿ ಇಂಥ ಪತ್ರ ಬಂದಾಗ ನಾನು ಮೊದಲು ಕೇಳುವುದು, ಅಳತೆ ಕೊಡುವಾಗ ಕಾಲಲ್ಲಿ ಯಾವ ಚಪ್ಪಲಿ ಇತ್ತು ಅಂತ. ಬರಿಗಾಲಲ್ಲಿ ಅಳತೆ ಕೊಟ್ಟು ಹೀಲ್ಸ್ ಹಾಕಿದರೆ ಟೇಲರ್ ಏನು ಮಾಡಬೇಕು? ನಿಮ್ಮದು ಹಾಗಲ್ಲ, ಅಳತೆ ಅವರ ಕೈಬರಹದಲ್ಲೇ ಇದೆ. ಆ ಚೀಟಿಯ ಫೋಟೋ ತೆಗೆದಿಡಿ. ಲೆಹಂಗಾ ಪಕ್ಕ ಟೇಪ್ ಇಟ್ಟು ಇನ್ನೊಂದು ಫೋಟೋ. ಲೆಹಂಗಾ ಕೊಂಡ ಬಿಲ್ಲೂ ಇರಲಿ.

ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಅಂಗಡಿಯವರನ್ನು ಸಂಪರ್ಕಿಸುತ್ತಾರೆ, ಎಷ್ಟೋ ಸಲ ಅಲ್ಲೇ ಮಾತು ಮುಗಿಯುತ್ತದೆ. ಆಗದಿದ್ದರೆ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹೈದರಾಬಾದಿಗೆ ಓಡಾಡಬೇಕಿಲ್ಲ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಘಟನೆ ಆದ 2 ವರ್ಷದೊಳಗೆ ಕೊಟ್ಟರೆ ಆಯಿತು. "ಬಟ್ಟೆಗೆ ನಾವು ಜವಾಬ್ದಾರರಲ್ಲ" ಅಂತ ಚೀಟಿ ಹಿಂದೆ ಅಚ್ಚು ಹಾಕಿದ್ದರೆ ಹೆದರಬೇಡಿ, ಅಷ್ಟಕ್ಕೇ ಅವರು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮಜೂರಿ ವಾಪಸ್ ಕೇಳಿ, ಲೆಹಂಗಾಕ್ಕೆ ಆದ ನಷ್ಟವನ್ನೂ ಕೇಳಿ. ಅದರ ಮೇಲೆ ತಂಗಿಯ ಕಣ್ಣೀರಿಗೆ 10 ಲಕ್ಷ ಅಂತ ಬರೆಯಬೇಡಿ, ಓದುವವರಿಗೆ ನಗು ಬರುತ್ತದೆ.

ಅಂದಹಾಗೆ ಲೆಹಂಗಾ ಎಸೆಯಬೇಡಿ. ಕೆಳಗೆ 4 ಇಂಚಿನ ಜರಿ ಬಾರ್ಡರ್ ಕೂಡಿಸಿದರೆ ಮತ್ತೆ ಉದ್ದ ಬರುತ್ತದೆ. ಆದರೆ ದೂರಿನ ಗತಿ ತಿಳಿಯುವವರೆಗೆ ಮುಟ್ಟಬೇಡಿ, ಅದೇ ನಿಮ್ಮ ಸಾಕ್ಷಿ.

ಪ್ರಶ್ನೆ: ಮೇಡಂ, ನೀವು ಯಾವಾಗಲೂ ಗಿರಾಕಿ ಪರ ಬರೀತೀರಿ. ನಾನು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಹೊಲಿಯುತ್ತೇನೆ. ಮದುವೆಗೆ ನಾಲ್ಕು ದಿನ ಇದ್ದಾಗ ಬರುತ್ತಾರೆ, ಮೊಬೈಲ್‌ನಲ್ಲಿ ಹೀರೋಯಿನ್ ಫೋಟೋ ತೋರಿಸುತ್ತಾರೆ, 80 ಸೆಂಟಿಮೀಟರ್ ಪೀಸ್ ಕೊಟ್ಟು ಉದ್ದ ತೋಳು ಬೇಕು ಅಂತಾರೆ. ಆಮೇಲೆ ಸರಿ ಇಲ್ಲ ಅಂತ ದುಡ್ಡು ಹಿಡಿಯುತ್ತಾರೆ.
– ಒಬ್ಬ ಹೊಲಿಗೆಯವಳು, ಯಾದಗಿರಿ

ಉತ್ತರ: ನಿಮ್ಮ ಸಿಟ್ಟು ಸರಿಯಾಗೇ ಇದೆ. ಇನ್ನು ಮೇಲೆ ಅರ್ಧ ದುಡ್ಡು ಮೊದಲೇ ಇಸಕೊಳ್ಳಿ, ಗುರುತು ಪರಿಚಯ ಅಂತ ಮುಲಾಜು ನೋಡಬೇಡಿ. ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟು ಅಳತೆ, ತೋಳಿನ ಉದ್ದ, ಕುತ್ತಿಗೆಯ ಆಳ, ಕೊಟ್ಟ ಪೀಸಿನ ಉದ್ದ ಎಲ್ಲ ಬರೆಯಿರಿ, ಒಂದು ಪ್ರತಿ ಅವರಿಗೆ. ಬಟ್ಟೆ ಸಾಲದಿದ್ದರೆ ಕತ್ತರಿ ಹಾಕುವ ಮುಂಚೆಯೇ ಹೇಳಿ, ಅದನ್ನೂ ಚೀಟಿಯಲ್ಲಿ ಬರೆದು ಸಹಿ ಹಾಕಿಸಿ. ದುಬಾರಿ ರೇಷ್ಮೆಯಾದರೆ ಮೊದಲು ಅಸ್ತರು ಮಾತ್ರ ಕಚ್ಚಾ ಹೊಲಿಗೆ ಹಾಕಿ ಒಮ್ಮೆ ತೊಡಿಸಿ ನೋಡಿ, ಅದಕ್ಕೆ ಬೇರೆ ಮಜೂರಿ ಕೇಳಿ. ಕೊಡುವವರು ಕೊಡುತ್ತಾರೆ. ಕೊಡದವರು ಬೇರೆ ಅಂಗಡಿಗೆ ಹೋಗಲಿ ಬಿಡಿ, ಸೀಸನ್‌ನಲ್ಲಿ ನಿಮಗೆ ಕೆಲಸಕ್ಕೇನು ಬರ. ಆದರೆ ದಯವಿಟ್ಟು ಮಾರ್ಜಿನ್ ಒಂದು ಇಂಚಾದರೂ ಬಿಡಿ.