ಕೆಜಿಎಫ್‌ಗೆ ಜರಡಿ ಬೇಡ, ತಾತನ ನಂಬರು ತೆಗೆದುಕೊಂಡು ಹೋಗಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕೋಲಾರ ಚಿನ್ನದ ಗಣಿ ಪ್ರದೇಶದ, ಅಂದರೆ ಕೆಜಿಎಫ್‌ನ, ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದ ತಾತ, ಎರಡು ದಿನದ ರಜೆ, ಗಣಿಯ ತ್ಯಾಜ್ಯ ಮರಳು ಸುರಿದ ಸೈನೇಡ್ ಗುಡ್ಡದಲ್ಲಿ ಒಂದಿಷ್ಟು ಮಣ್ಣು ಸೋಸಿ ಚಿನ್ನ ಸಿಗುತ್ತದೆಯೇ ನೋಡುವ ಆಸೆ, ಹಾಗೆಯೇ ಮನೆತನದ ಚರಿತ್ರೆಯೂ ಸಿಕ್ಕರೆ ಸಿಗಲಿ ಎಂಬ ಲೆಕ್ಕ. ಯಾವ ಗುಡ್ಡ ಒಳ್ಳೆಯದು, ಮೆಟಲ್ ಡಿಟೆಕ್ಟರ್ ಒಯ್ಯಬಹುದೇ ಎಂದು ಕೇಳಿದ್ದೀರಿ. 2017ರ ಜನವರಿಯಲ್ಲಿ ನಾನು ಬೆಂಗಳೂರಿನಿಂದ ಹೊರಟದ್ದೂ ಹೀಗೆಯೇ. ಗುಡ್ಡದ ವಿಚಾರ ಆಮೇಲೆ. ಮೊದಲು ನನಗೇನಾಯಿತು ಕೇಳಿ.

ನಮ್ಮ ತಾಯಿಯ ತಂದೆ ಗುಡಿಯಾತ್ತಂ ಕಡೆಯವರು. ಉತ್ತರ ಆರ್ಕಾಟ್, ಚಿತ್ತೂರು, ಧರ್ಮಪುರಿ ಸೀಮೆಗಳಿಂದ ಭೂಮಿಯಿಲ್ಲದ ಜನ, ಅವರಲ್ಲಿ ಹೆಚ್ಚಿನವರು ದಲಿತರು, ತಲೆಮಾರುಗಳ ಕಾಲ ಈ ಗಣಿಗಳಿಗೆ ಬಂದರು. ತಾತನೂ ಹಾಗೆ ಬಂದವರು. 1961ರಲ್ಲಿ ಎದೆಯಲ್ಲಿ ಕಲ್ಲಿನ ದೂಳು ತುಂಬಿಕೊಂಡು ತೀರಿಕೊಂಡರು. ಆಗ ಅಮ್ಮನಿಗೆ ಎರಡು ವರ್ಷ. ಅಜ್ಜಿ ಲೈನಿನ ಮನೆ (ಗಣಿ ಕಾರ್ಮಿಕರ ಸಾಲುಮನೆ) ಬಿಟ್ಟು, ಮಗುವನ್ನು ಕಟ್ಟಿಕೊಂಡು ತವರಿಗೆ ಹೋದರು. ಮನೆಯಲ್ಲಿ ತಾತನದೊಂದು ಫೋಟೊ ಕೂಡ ಇರಲಿಲ್ಲ. ‘ನಿನ್ನ ಮೂಗು ನಿಮ್ಮಪ್ಪನದೇ’ ಎಂದು ಅಜ್ಜಿ ಹೇಳುತ್ತಿದ್ದರಂತೆ. ಅಮ್ಮನಿಗೆ ತನ್ನ ತಂದೆಯ ಬಗ್ಗೆ ಗೊತ್ತಿದ್ದದ್ದು ಅಷ್ಟೇ: ಒಂದು ಹೆಸರು, ಒಂದು ಗಣಿಯ ಹೆಸರು, ತನ್ನ ಮುಖದ ಮೇಲಿನ ಆ ಮೂಗು.

ಅಮ್ಮನ ದೂರದ ಸಂಬಂಧಿಯೊಬ್ಬರು ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿದ್ದಾರೆ. ಅವರು ಹುಡುಕಿ ಹುಡುಕಿ, ತಾತನ ಜೊತೆ ಒಂದೇ ಗ್ಯಾಂಗಿನಲ್ಲಿ ಎರಡು ವರ್ಷ ಕೆಳಗಿಳಿದಿದ್ದ ಹಿರಿಯರೊಬ್ಬರನ್ನು ಪತ್ತೆ ಮಾಡಿದರು. ವಯಸ್ಸು ಎಂಬತ್ತು ದಾಟಿತ್ತು. ಫೋನಿನಲ್ಲಿ ಮಾತಾಡಿದೆ. ಅವರದು ತಮಿಳು, ನನ್ನದು ಅಮ್ಮನಿಂದ ಕಲಿತ ಅರೆಬರೆ ತಮಿಳು. ‘ತಂಬಿ, ಫೋಟೊ ಇದೆ. ಗ್ಯಾಂಗಿನವರೆಲ್ಲ ಇದ್ದೇವೆ. ಬಾ, ನಿಮ್ಮ ತಾತ ಯಾರೆಂದು ಬೆರಳಿಟ್ಟು ತೋರಿಸುತ್ತೇನೆ. ಬೆಳಗ್ಗೆ ಹತ್ತಕ್ಕೆಲ್ಲ ಬಂದುಬಿಡು. ಅವತ್ತೇ ಮಧ್ಯಾಹ್ನ ಮಗಳು ಬಂದು ಚೆನ್ನೈಗೆ ಕರೆದುಕೊಂಡು ಹೋಗುತ್ತಾಳೆ, ಕಣ್ಣು ಮಂಜಾಗುತ್ತಿದೆ’ ಎಂದರು. ಹತ್ತು ಗಂಟೆ, ಶನಿವಾರ. ಇದನ್ನು ಕಾಗದದ ಮೇಲೆ ಬರೆದುಕೊಂಡಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಇದನ್ನೇ ಮಾಡಲು ಹೊರಟಿದ್ದೀರಿ.

ಬೆಳಗ್ಗೆ ಎಂಟೂವರೆಗೇ ನಾನೂ ನನ್ನ ಭಾವಮೈದುನನೂ ಊರು ಸೇರಿದ್ದೆವು. ಒಂದೂವರೆ ಗಂಟೆ ಕೈಯಲ್ಲಿತ್ತು. ಕಾರಿನ ಡಿಕ್ಕಿಯಲ್ಲಿ ಜರಡಿ, ಎರಡು ಅಗಲವಾದ ತಟ್ಟೆ, ಇಪ್ಪತ್ತು ಲೀಟರ್ ನೀರಿನ ಕ್ಯಾನು, ಖಾಲಿ ಗೊಬ್ಬರದ ಚೀಲ. ‘ಅರ್ಧ ಗಂಟೆ ನೋಡಿ ಹೋಗೋಣ’ ಎಂದವನು ನಾನೇ. ಗುಡ್ಡದ ಅಂಚಿಗೆ ಹೋದೆವು. ಆ ಬೂದು ಬಣ್ಣದ ಮರಳು ಕೈಗೆ ರಾಗಿ ಹಿಟ್ಟಿಗಿಂತ ನುಣುಪಾಗಿ ಸಿಗುತ್ತದೆ, ಬೆರಳಿನ ಗೆರೆಗಳಲ್ಲಿ ಕೂತುಬಿಟ್ಟರೆ ಸೋಪಿಗೂ ಹೋಗುವುದಿಲ್ಲ. ತಟ್ಟೆಗೆ ಹಾಕಿ ನೀರು ಸುರಿದು ತಿರುಗಿಸಿದಾಗ ತಳದಲ್ಲಿ ಏನೋ ನಾಲ್ಕು ಚುಕ್ಕಿ ಮಿನುಗಿದವು. ಅಷ್ಟೇ ಸಾಕಾಯಿತು. ಇನ್ನೊಂದು ತಟ್ಟೆ, ಮತ್ತೊಂದು ತಟ್ಟೆ. ಕ್ಯಾನಿನ ನೀರು ಮುಗಿಯಿತು. ಮನೆಗೇ ಒಯ್ದು ನಿಧಾನವಾಗಿ ಸೋಸೋಣ ಎಂದು ಚೀಲ ತುಂಬತೊಡಗಿದೆವು. ನಲವತ್ತು ಕಿಲೊ ಆಗಿರಬಹುದು. ಗಡಿಯಾರ ನೋಡಿದಾಗ ಹತ್ತಕ್ಕೆ ಹತ್ತು ನಿಮಿಷ. ಚೀಲದ ಬಾಯಿ ಕಟ್ಟುವಾಗ ಕಾವಲುಗಾರ ಬಂದರು.

ಅವರದೇನೂ ತಪ್ಪಿಲ್ಲ. ಅದು ಸರ್ಕಾರದ ಸ್ವತ್ತು, ಒಳಗೆ ಹೋಗಬಾರದಿತ್ತು, ಹೋದೆವು. ಮೇಲಿನವರು ಬರುವವರೆಗೆ ಕೂರಿಸಿದರು. ಅವರು ಬಂದದ್ದು ಹನ್ನೆರಡೂವರೆಗೆ. ಹೆಸರು, ವಿಳಾಸ ಬರೆಸಿಕೊಂಡು, ಚೀಲವನ್ನು ನಮ್ಮ ಕೈಯಿಂದಲೇ ವಾಪಸು ಸುರಿಸಿ, ಹೇಳಿಕೆಗೆ ಸಹಿ ಹಾಕಿಸಿಕೊಂಡು ಬಿಡುವಷ್ಟರಲ್ಲಿ ಎರಡು ಗಂಟೆ. ಆ ಹಿರಿಯರ ಮನೆಯಲ್ಲಿ ಫೋನಿತ್ತು. ಕೂತಲ್ಲಿಂದಲೇ ಒಂದು ಮಾತು ಹೇಳಬಹುದಾಗಿತ್ತು. ಕಾರಣ ಏನೆಂದು ಹೇಳಲಿ ಎಂಬ ನಾಚಿಕೆಗೆ ಹೇಳಲಿಲ್ಲ. ಇನ್ನೇನು ಬಿಡುತ್ತಾರೆ, ಇನ್ನೇನು ಬಿಡುತ್ತಾರೆ ಎಂದುಕೊಂಡೇ ಕೂತೆ.

ಲೈನಿನ ಆ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಹೆಂಗಸು ಹೇಳಿದರು: ಆ ಹಿರಿಯರು ಬೆಳಗ್ಗೆ ಒಂಬತ್ತಕ್ಕೇ ಬಿಳಿ ಅಂಗಿ ಹಾಕಿಕೊಂಡು, ಬಿಸ್ಕತ್ತಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದರು, ಒಂದೂವರೆಯವರೆಗೂ ಏಳಲಿಲ್ಲ, ಮಗಳು ಬಂದು ಎಬ್ಬಿಸಿಕೊಂಡು ಹೋದಳು. ಡಬ್ಬಿಯನ್ನೂ ಒಯ್ದಿದ್ದರು.

ಈಗ ಆ ಚೀಲದ ಲೆಕ್ಕ ನೋಡಿ. ಕೆಜಿಎಫ್‌ನ ಹದಿಮೂರು ಗುಡ್ಡಗಳಲ್ಲಿ ಸುಮಾರು 3.3 ಕೋಟಿ ಟನ್ ಮರಳು ಬಿದ್ದಿದೆ. ಅದರಲ್ಲಿ ಚಿನ್ನವಿದೆ, ಸುಳ್ಳಲ್ಲ. ಅದಕ್ಕೇ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಆ ಗುಡ್ಡಗಳಲ್ಲಿ ಮೇಲ್ಮೈ ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟದ್ದು. ಆದರೆ ಇರುವುದು ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ. ಪೂರ್ತಿ ಒಂದು ಗ್ರಾಂ ಎಂದೇ ಹಿಡಿಯಿರಿ. ನನ್ನ ನಲವತ್ತು ಕಿಲೊದಲ್ಲಿ 40 ಮಿಲಿಗ್ರಾಂ, ಎರಡು ಅಕ್ಕಿಕಾಳಿನ ತೂಕ. ಅದೂ ತಟ್ಟೆಗೆ ಸಿಗುವುದಿಲ್ಲ. ಹೊಳೆಯ ಮರಳಿನಲ್ಲಿ ಚಿನ್ನದ ಕಣ ಬಿಡಿಯಾಗಿ ಇರುತ್ತದೆ, ತೂಕಕ್ಕೆ ತಳದಲ್ಲಿ ನಿಲ್ಲುತ್ತದೆ, ತಟ್ಟೆ ತಿರುಗಿಸುವ ಉಪಾಯ ನಡೆಯುವುದು ಅಲ್ಲಿ. ಗುಡ್ಡದ ಮರಳು ಹಾಗಲ್ಲ. ಕೆಳಗಿನಿಂದ ತಂದ ಬೆಣಚುಕಲ್ಲನ್ನು ಮಿಲ್ಲಿನಲ್ಲಿ ಹಿಟ್ಟು ಮಾಡಿ, ಪಾದರಸಕ್ಕೆ ಹಿಡಿಯುವಷ್ಟನ್ನು ಹಿಡಿಸಿ, ಮಿಕ್ಕದ್ದನ್ನು ಸೈನೇಡ್ ನೀರಿನಲ್ಲಿ ಕರಗಿಸಿ ತೆಗೆದು, ಇನ್ನು ಏನೂ ಗಿಟ್ಟುವುದಿಲ್ಲ ಎಂದ ಮೇಲೆ ಹೊರಗೆ ಸುರಿದದ್ದು. ಅಷ್ಟೆಲ್ಲ ಯಂತ್ರಕ್ಕೂ ಸಿಗದೆ ತಪ್ಪಿಸಿಕೊಂಡ ಚಿನ್ನ ಕಣ್ಣಿಗೆ ಕಾಣುವಂಥದ್ದಲ್ಲ. ನನ್ನ ತಟ್ಟೆಯಲ್ಲಿ ಮಿನುಗಿದ್ದು ಅಭ್ರಕವೋ ಗಂಧಕದ ಅದಿರೋ ಆಗಿತ್ತು. ಇದನ್ನೆಲ್ಲ ಹೋಗುವ ಮೊದಲೇ ಒಂದು ಸಂಜೆ ಕೂತು ಓದಿ ತಿಳಿಯಬಹುದಿತ್ತು. ಜರಡಿ ಕೊಳ್ಳಲು ಎರಡು ಸಂಜೆ ಅಲೆದಿದ್ದೆ.

ಮೆಟಲ್ ಡಿಟೆಕ್ಟರ್ ಅಂತೂ ಬೇಡವೇ ಬೇಡ. ಅಲ್ಲಿನ ಚಿನ್ನ ಮೇಲ್ಮಣ್ಣಿನಲ್ಲಿ ಗಟ್ಟಿಗಳಾಗಿ ಬಿದ್ದಿರುವಂಥದ್ದಲ್ಲ. ಬಂಡೆಯ ಸೀಳಿನೊಳಗೆ ಬೆಣಚುಕಲ್ಲಿನ ಪಟ್ಟಿಯಾಗಿ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿದದ್ದು. ಅದನ್ನು ಬೆನ್ನಟ್ಟಿಯೇ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೊಮೀಟರಿಗೂ ಆಳಕ್ಕೆ ಇಳಿದರು. 120 ವರ್ಷದಲ್ಲಿ ತೆಗೆದದ್ದು ಸುಮಾರು 800 ಟನ್. ಇನ್ನೂ ಒಂದು ಮಾತು: ಪರವಾನಗಿ ಇಲ್ಲದೆ ಖನಿಜ ಹುಡುಕುವುದು 1957ರ ಗಣಿ ಮತ್ತು ಖನಿಜ ಕಾಯಿದೆಯ ಪ್ರಕಾರ ಅಪರಾಧ. ಗಣಿಗೆ ಇಳಿಯುವ ಹಳೆಯ ಶಾಫ್ಟುಗಳ ಬಾಯಿಯ ಹತ್ತಿರವೂ ಸುಳಿಯಬೇಡಿ. 2020ರಲ್ಲಿ ಮುಚ್ಚಿದ ಗಣಿಯೊಳಗೆ ಕಳ್ಳತನಕ್ಕೆ ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹಿಡಿಸದ ಇನ್ನೊಂದು ಪದವಿದೆ: ‘ಪಾಳು ಊರು’. ಗಣಿ ನಿಂತದ್ದು 2001ರ ಫೆಬ್ರವರಿ 28ಕ್ಕೆ. ಊರು ನಿಂತಿಲ್ಲ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ನೋಡಿ, ಬೆಂಗಳೂರಿಗೆ ಕೂಲಿಗೆ, ಕಚೇರಿಗೆ, ಕಾರ್ಖಾನೆಗೆ ಹೋಗುವ ಜನ ಬಾಗಿಲಲ್ಲಿ ಜೋತುಬಿದ್ದಿರುತ್ತಾರೆ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಮುಟ್ಟುವ ಮೂರು ವರ್ಷ ಮೊದಲೇ, 1902ರಲ್ಲಿ, ಈ ಗಣಿಗಳಿಗೆ ಮುಟ್ಟಿತ್ತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಗಣಿಗಳಲ್ಲಿ ದುಡಿದವರ ಮಕ್ಕಳು ಈಗಲೂ ಅದೇ ಹತ್ತಡಿ ಕೋಣೆಗಳಲ್ಲಿದ್ದಾರೆ. ಗಾಳಿ ಎದ್ದ ದಿನ ಗುಡ್ಡದ ದೂಳು ಅವರ ಅನ್ನದ ಪಾತ್ರೆಗೆ ಬೀಳುತ್ತದೆ. ನೀವು ಅದೇ ಗುಡ್ಡದ ಮೇಲೆ ತಟ್ಟೆ ಹಿಡಿದು ಕೂತರೆ ಅವರಿಗೆ ಹೇಗೆ ಕಾಣುತ್ತೀರಿ ಎಂದು ಒಮ್ಮೆ ಯೋಚಿಸಿ. ನನ್ನನ್ನು ನೋಡಿದ್ದ ಒಬ್ಬ ಮುದುಕಿ ಏನೂ ಹೇಳಲಿಲ್ಲ, ನಿಂತು ನೋಡಿ ಕೊಡ ಎತ್ತಿಕೊಂಡು ಹೋದಳು. ನನಗೆ ಆಕೆಯ ಮುಖ ಈಗಲೂ ನೆನಪಿದೆ.

ಹಾಗಾದರೆ ಏನು ಒಯ್ಯಬೇಕು? ಗಣಿಯ ಕೆಲಸಗಾರರಾಗಿ ತಾತನಿಗಿದ್ದ ನಂಬರು. ಹೆಸರು ನಂಬಿಕೊಂಡು ಹೋಗಬೇಡಿ. ಒಂದೇ ಗಣಿಯಲ್ಲಿ ಮುನಿಸ್ವಾಮಿಗಳು ಎಷ್ಟು, ಆರೋಗ್ಯಸ್ವಾಮಿಗಳು ಎಷ್ಟು! ಹಳೆಯ ಸಂಬಳದ ಚೀಟಿ, ಭವಿಷ್ಯನಿಧಿಯ ಕಾಗದ, ಹಿತ್ತಾಳೆಯ ಬಿಲ್ಲೆ, ಟ್ರಂಕಿನ ಮುಚ್ಚಳದ ಒಳಬದಿ, ಎಲ್ಲ ಕಡೆ ಹುಡುಕಿ. ಯಾವ ಶಾಫ್ಟಿನಲ್ಲಿ ಇಳಿಯುತ್ತಿದ್ದರು, ಗಿಫರ್ಡ್ ಶಾಫ್ಟೋ ಬೇರೆ ಯಾವುದೋ, ಯಾವ ಲೈನಿನಲ್ಲಿ ಮನೆ, ಯಾವ ಊರಿನಿಂದ ಬಂದವರು, ಇಷ್ಟನ್ನು ಮನೆಯ ಹಿರಿಯರಿಂದ ಬರೆಸಿಕೊಳ್ಳಿ. ಅದರಲ್ಲೂ ಹೆಂಗಸರನ್ನು ಕೇಳಿ. ಗಂಡಸರಿಗೆ ಗಣಿಯ ಹೆಸರು ಗೊತ್ತಿರುತ್ತದೆ, ಹೆಂಗಸರಿಗೆ ಪಕ್ಕದ ಮನೆಯವರ ಹೆಸರು ಗೊತ್ತಿರುತ್ತದೆ. ಕೆಲಸಕ್ಕೆ ಬರುವುದು ಎರಡನೆಯದು. ಕ್ರೈಸ್ತ ಮನೆತನವಾದರೆ ಚರ್ಚಿನ ದಾಖಲೆ ಪುಸ್ತಕಗಳನ್ನು ತೋರಿಸುವಂತೆ ಮೊದಲೇ ವಿನಂತಿಸಿಕೊಳ್ಳಿ. ಕಾರು ಬೇಡ. ಬಂಗಾರಪೇಟೆಯ ಮೇಲೆ ಹೋಗುವ ರೈಲಿನಲ್ಲಿ ಹೋಗಿ, ಚಾಂಪಿಯನ್ ಎಂಬ ಹೆಸರಿನ ಸ್ಟೇಷನ್ನೇ ಇದೆ, ಅಲ್ಲಿ ಇಳಿದು ನಡೆಯಿರಿ. ಒಬ್ಬ ಹಿರಿಯರು ಹತ್ತು ಗಂಟೆ ಎಂದರೆ ಒಂಬತ್ತೂವರೆಗೆ ಅವರ ಜಗುಲಿಯಲ್ಲಿರಿ.

ನನ್ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಖ ತೋರಿಸಲು ಆಗದೆ ಎಂಟು ತಿಂಗಳು ತಳ್ಳಿದೆ. ಸೆಪ್ಟೆಂಬರಿನಲ್ಲಿ ಅಮ್ಮನನ್ನೇ ಕರೆದುಕೊಂಡು ಚೆನ್ನೈಗೆ ಹೋದೆ. ಹಿರಿಯರು ಬೈಯಲಿಲ್ಲ. ‘ಅವತ್ತು ಏನಾಯಿತು ತಂಬಿ?’ ಎಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಮಣ್ಣನ್ನು ನಾವು ಮೈಯಿಂದ ತೊಳೆದುಕೊಳ್ಳುತ್ತಿದ್ದೆವು’ ಎಂದರು. ಬಿಸ್ಕತ್ತಿನ ಡಬ್ಬಿ ತರಿಸಿದರು. ಫೋಟೊ ಅಂಗೈಯಗಲದ್ದು. ಶಾಫ್ಟಿನ ಮುಂದೆ ಮೂರು ಸಾಲಿನಲ್ಲಿ ಮೂವತ್ತೊಂದು ಜನ, ತಲೆಗೆ ಟೋಪಿ, ಹೆಚ್ಚಿನವರಿಗೆ ಮೀಸೆ, ಬಿಸಿಲಿಗೆ ಎಲ್ಲರ ಕಣ್ಣೂ ಕಿರಿದಾಗಿವೆ. ಅವರು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಕಿಟಕಿಯ ಕಡೆ ತಿರುಗಿಸಿದರು. ಬೆರಳು ಎರಡನೆಯ ಸಾಲಿನ ಮೇಲೆ ಎಡದಿಂದ ಬಲಕ್ಕೆ ಹರಿದು ಒಂದು ಮುಖದ ಮೇಲೆ ನಿಂತಿತು. ಮತ್ತೆ ಎದ್ದು ಹಿಂದಿನ ಸಾಲಿಗೆ ಹೋಯಿತು, ಅಲ್ಲಿಯೂ ನಿಂತಿತು. ‘ಎರಡನೆಯ ಸಾಲೇ’ ಎಂದರು. ಆಮೇಲೆ ‘ಕಾಣುವುದಿಲ್ಲವಲ್ಲಮ್ಮಾ’ ಎಂದು ಅಮ್ಮನ ಕಡೆ ತಿರುಗಿದರು, ಅವರು ತಿರುಗಿದ ಕಡೆ ಅಮ್ಮ ಇರಲಿಲ್ಲ. ಜನವರಿಯಲ್ಲಿ ಬಲಗಣ್ಣು ಇನ್ನೂ ಚೆನ್ನಾಗಿತ್ತು ಎಂದು ಮಗಳು ಹೇಳಿದಳು.

ಅಮ್ಮ ಫೋಟೊವನ್ನು ಬಹಳ ಹೊತ್ತು ನೋಡಿದರು. ನಡುನಡುವೆ ತಮ್ಮ ಮೂಗನ್ನು ಮುಟ್ಟಿಕೊಳ್ಳುತ್ತಿದ್ದರು. ಅಷ್ಟು ಚಿಕ್ಕ ಫೋಟೊದಲ್ಲಿ ಮೂಗೆಂದರೆ ಒಂದು ಬಿಳಿ ಚುಕ್ಕೆ.

ಆ ಫೋಟೊವನ್ನು ದೊಡ್ಡದು ಮಾಡಿಸಿ ಮನೆಯ ಗೋಡೆಗೆ ಹಾಕಿದ್ದೇವೆ. ತಾತನ ತಿಥಿಗೆ ಮೂವತ್ತೊಂದು ಜನರಿಗೂ ಸೇರಿಸಿ ಒಂದೇ ಹಾರ ಹಾಕುತ್ತೇವೆ.

ನಿಮ್ಮ ತಾತ 1958ರಿಂದ 1970ರವರೆಗೆ ಚಾಂಪಿಯನ್ ರೀಫ್‌ನಲ್ಲಿದ್ದರು ಎಂದು ಬರೆದಿದ್ದೀರಿ. ಫೋಟೊ ತೆಗೆದದ್ದು 1960ರಲ್ಲಿ, ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದೆ. ನಿಮಗೆ ಅದನ್ನು ಕಳುಹಿಸುತ್ತೇನೆ. ಮೊದಲು ನಿಮ್ಮ ಮನೆಯವರಿಗೆ ತೋರಿಸಿ, ನಿಮ್ಮ ತಾತ ಅದರಲ್ಲಿ ಇದ್ದರೂ ಇರಬಹುದು. ಊರಿಗೆ ಹೋದಾಗ ಪ್ರತಿ ಮುಖಕ್ಕೂ ಒಂದು ಸಂಖ್ಯೆ ಬರೆದ ದೊಡ್ಡ ಪ್ರತಿಯನ್ನು ಒಯ್ಯಿರಿ. ಲೈನುಗಳಲ್ಲಿ ಇನ್ನೂ ಕಣ್ಣು ಕಾಣುವ ಎಂಬತ್ತು, ತೊಂಬತ್ತರ ಹಿರಿಯರು ಯಾರಾದರೂ ಸಿಕ್ಕರೆ, ಎರಡನೆಯ ಸಾಲಿನಲ್ಲಿ ಎಡದಿಂದ ನಾಲ್ಕನೆಯವರು ಯಾರೆಂದು ದಯವಿಟ್ಟು ನನ್ನ ಪರವಾಗಿ ಕೇಳಿ.