‘ಗ್ರಫೋ’ ಅಂದ್ರೆ ಗ್ರೀಕಿನಲ್ಲಿ ‘ಕೆತ್ತು’ ಅಂತ ಅಲ್ವಾ? ಇದಕ್ಕೆ ಯಾವ ನಿಘಂಟು ಕೊಳ್ಳಲಿ?

ಯಾವುದೂ ಬೇಡ. ನಿಘಂಟೇ ನನ್ನನ್ನು ಕೆಡಿಸಿದ್ದು.

ನೀವು ಯುವಜನರ ಕೂಟದಲ್ಲಿ ಮಾತಾಡಬೇಕೆಂದಿರುವ, ಬೈಬಲಿನ ಮತ್ತಾಯ 4ರಲ್ಲಿ ಯೇಸು ಸೈತಾನನಿಗೆ ಉತ್ತರವಾಗಿ ಹೇಳುವ ‘ಗೆಗ್ರಪ್ತೈ’ (ಬರೆದಿದೆ) ಮೇಲೆಯೇ ದೇವಶಾಸ್ತ್ರ ಕಾಲೇಜಿನಲ್ಲಿ ಪರೀಕ್ಷೆಗಾಗಿ ನಾನು ಮಾಡಿದ ಪ್ರಸಂಗ. ಬೈಬಲಿನ ಮೂಲಪದಗಳಿಗೆ ಸಂಖ್ಯೆ ಕೊಟ್ಟು ಅರ್ಥ ಹೇಳುವ ಸ್ಟ್ರಾಂಗ್ಸ್‌ನಲ್ಲಿ 1125ನೇ ಸಂಖ್ಯೆ ತೆಗೆದೆ, ‘ಕೆತ್ತು’ ಸಿಕ್ಕಿತು. “ಯೇಸು ಸೈತಾನನಿಗೆ ಹೇಳಿದ್ದು ಬರೀ ಬರಹವಲ್ಲ, ಕೆತ್ತನೆ! ಯಾರೂ ತಿದ್ದಲಾರರು!” ಅಂತ ಗುಡುಗಿದೆ.

ಗ್ರೀಕ್ ಮೇಷ್ಟ್ರು ಲೂಕ 16 ಓದಿಸಿದರು. ಅಲ್ಲಿ ಮನೆವಾರ್ತೆಯವನು (ಧಣಿಯ ಆಸ್ತಿ ನೋಡಿಕೊಳ್ಳುವವನು) ಎಣ್ಣೆಯ ಸಾಲಗಾರನಿಗೆ ಸಾಲದ ಪತ್ರ ಕೊಟ್ಟು, ನೂರು ಇದ್ದದ್ದನ್ನು ‘ಬೇಗ ಕೂತು ಐವತ್ತು ಅಂತ ಬರೆ’ ಅನ್ನುತ್ತಾನೆ. ಕ್ರಿಯಾಪದ ಅದೇ ಗ್ರಫೋ. ತಿದ್ದಲಾಗದ ಪದವಂತೆ, ಲೆಕ್ಕ ತಿದ್ದುವುದಕ್ಕೇ ಬಳಕೆಯಾಗಿದೆ! ನನ್ನ ಅಂಕ ಹೋಯಿತು, ಅದರ ಹಿಂದೆ ವಿದ್ಯಾರ್ಥಿವೇತನವೂ.

‘ಕೆತ್ತು’, ‘ಗೀರು’ ಸುಳ್ಳಲ್ಲ. ಹೋಮರನ ಇಲಿಯಡ್ ಕಾವ್ಯದ 17ನೇ ಸರ್ಗದಲ್ಲಿ ಈಟಿಯ ಮೊನೆ ಮೂಳೆಯನ್ನು ಗೀರುವುದಕ್ಕೂ ಇದೇ ಪದ ಇದೆ. ಆದರೆ ಹೋಮರನಿಗೂ ಮತ್ತಾಯನಿಗೂ ನಡುವೆ ಏಳೆಂಟು ಶತಮಾನ. ನಾವು ‘ಕಾಗದ ಬರೆದೆ’ ಅಂದಾಗ ಯಾರಾದರೂ ಕಾದ ಕಬ್ಬಿಣದ ಬರೆ ನೆನೆಯುತ್ತಾರಾ? ನಾನು ಮಾಡಿದ್ದು ಅದನ್ನೇ: ಹಳೇ ಅರ್ಥವನ್ನು ‘ನಿಜವಾದ ಅರ್ಥ’ ಅಂದುಕೊಂಡು, ಎದುರಿಗಿದ್ದ ವಾಕ್ಯ ಬಿಟ್ಟು ಪದದ ಬೇರು ಅಗೆದೆ.

ನೋಡಬೇಕಿದ್ದದ್ದು ರೂಪವನ್ನು. ‘ಎಗ್ರಪ್ಸ’ ಅಂದರೆ ಬರೆದೆ, ಅಷ್ಟೇ. ‘ಗೆಗ್ರಪ್ತೈ’ಯಲ್ಲಿ ಪದದ ಮೊದಲ ವ್ಯಂಜನ ಇಮ್ಮಡಿಸಿ ಮುಂದೆ ಬಂದ ‘ಗೆ’ ಇದೆ. ಅಂದರೆ ಬರೆದದ್ದು ಮುಗಿದಿದೆ, ಬರಹ ಈಗಲೂ ಇದೆ. ಇಂಗ್ಲಿಷಿನವರು ಇದಕ್ಕೆ ಪುಟಗಟ್ಟಲೆ ವಿವರಣೆ ಕೊಡುತ್ತಾರೆ. ನಮ್ಮ ‘ಬರೆದಿದೆ’ಯಲ್ಲಿನ ‘ಇದೆ’ ಆ ಕೆಲಸವನ್ನು ಸಲೀಸಾಗಿ ಮಾಡುತ್ತದೆ.

ಹಾಗಂತ ಈ ಕಾಲರೂಪಕ್ಕೂ ದೈವತ್ವ ಹಚ್ಚಬೇಡಿ. ಯೋಹಾನ 19ರಲ್ಲಿ, ಯೇಸುವಿನ ಶಿಲುಬೆಯ ಮೇಲೆ ಹಾಕಿಸಿದ ಬರಹದ ಬಗ್ಗೆ ಪಿಲಾತನೂ ‘ಗೆಗ್ರಫ’ ಅನ್ನುತ್ತಾನೆ, ಅದೂ ಎರಡು ಸಲ: ನಾನು ಬರೆದದ್ದು ಬರೆದಾಯಿತು. ಅದು ಒಬ್ಬ ರೋಮನ್ ಅಧಿಕಾರಿಯ ಹಟ, ಅಷ್ಟೇ. ‘ಗ್ರಫೆ’ ಅನ್ನುವ ನಾಮಪದದ್ದು ಬೇರೆ ಕಥೆ. ಅಥೆನ್ಸಿನಲ್ಲಿ ಅದು ಒಂದು ಬಗೆಯ ಮೊಕದ್ದಮೆಯೂ ಹೌದು. ಹೊಸ ಒಡಂಬಡಿಕೆಯಲ್ಲಾದರೆ ಶಾಸ್ತ್ರವಚನ.

ಮತ್ತಾಯ 4ರಲ್ಲಿ ಯೇಸು ಹೇಳುವ ಮೂರೂ ಮಾತು ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದವು. ಕೂಟದಲ್ಲಿ ಅವನ್ನು ಪೂರ್ತಿ ಓದಿಸಿ. ಗ್ರೀಕ್ ಹೇಳಲೇಬೇಕು ಅನಿಸಿದರೆ ಒಂದೇ ವಾಕ್ಯ ಸಾಕು.