ಸ್ವಾಮಿ ಎಲ್ಲೂ ಕಳೆದುಹೋಗಿಲ್ಲ, ಮೇಷ್ಟ್ರೇ

ಸೋಮವಾರಪೇಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ:

"ಕಳೆದ ಸಂಚಿಕೆಯಲ್ಲಿ ಆಗುಂಬೆಯ ಲೇಖನ ಓದಿದೆ. 'ಮಾಲ್ಗುಡಿ ಡೇಸ್'ನ ಸ್ವಾಮಿ, ಅಂದರೆ ಮಾಸ್ಟರ್ ಮಂಜುನಾಥ್ ನೆನಪಾದರು. ಅಂಥ ಪ್ರತಿಭೆಯನ್ನು ನಮ್ಮ ಚಿತ್ರರಂಗ ಉಳಿಸಿಕೊಳ್ಳಲಿಲ್ಲ. ಬೇರೆ ರಾಜ್ಯದಲ್ಲಿ ಹುಟ್ಟಿದ್ದರೆ ದೊಡ್ಡ ಹೀರೋ ಆಗಿರುತ್ತಿದ್ದ. ಪಾಪ, ಹುಡುಗ ಕಳೆದುಹೋದ. ಇದಕ್ಕೆ ಯಾರು ಹೊಣೆ? ತಾ.ಕ.: ನನ್ನ ಮೊಮ್ಮಗನಿಗೆ ಏಳು ವರ್ಷ. ಚೆನ್ನಾಗಿ ನಟಿಸುತ್ತಾನೆ. ಬೆಂಗಳೂರಿನಿಂದ ಧಾರಾವಾಹಿಯವರು ಫೋನ್ ಮಾಡಿದ್ದಾರೆ. ಕಳಿಸಬಹುದಾ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಅಕ್ಷರ ಇನ್ನೂ ದುಂಡಗಿದೆ. ಇಡೀ ಪತ್ರದಲ್ಲಿ ಒಂದು ಕಾಗುಣಿತ ತಪ್ಪಿಲ್ಲ. ಮಾತು ಮಾತ್ರ ತಪ್ಪು. ಮೂವತ್ತು ವರ್ಷ ಮಕ್ಕಳ ನಡುವೆ ಇದ್ದವರು ನೀವೇ ಹೀಗಂದರೆ ಹೇಗೆ?

ಮಂಜುನಾಥ್ ಕಳೆದುಹೋದರು ಅಂತ ನಿಮಗೆ ಯಾರು ಹೇಳಿದರು? ಶಂಕರ್‌ನಾಗ್ ಆಗುಂಬೆಯಲ್ಲಿ ಆ ಧಾರಾವಾಹಿ ತೆಗೆಯುವಾಗ ಅವರಿಗೆ ಹತ್ತರ ಆಸುಪಾಸಿನ ವಯಸ್ಸು. ಅಪ್ಪನ ಪಾತ್ರದಲ್ಲಿ ಗಿರೀಶ ಕಾರ್ನಾಡ್. ಎದುರಿಗೆ ಅಂಥವರು ನಿಂತಿದ್ದರೂ ನಮ್ಮ ಕಣ್ಣು ಹೋಗುತ್ತಿದ್ದದ್ದು ಆ ಹುಡುಗನ ಮೇಲೇ. 1990ರಲ್ಲಿ ಹಿಂದಿಯ 'ಅಗ್ನಿಪಥ್'ನಲ್ಲಿ ಅಮಿತಾಭ್ ಬಚ್ಚನ್ ಅವರ ಬಾಲ್ಯದ ಪಾತ್ರವನ್ನೂ ಮಾಡಿದರು. ಹತ್ತೊಂಬತ್ತರ ಹೊತ್ತಿಗೆ ಸಾಕು ಅಂತ ಕೈ ತೊಳೆದುಕೊಂಡರು. ಓದಿದರು, ಸಾರ್ವಜನಿಕ ಸಂಪರ್ಕದ ಕೆಲಸ ಹಿಡಿದರು. ಇಷ್ಟೇ ಕಥೆ. ಇದರಲ್ಲಿ ಪಾಪ ಅನ್ನೋದಕ್ಕೆ ಏನಿದೆ? ನಿಮ್ಮ ಶಿಷ್ಯರಲ್ಲೇ ಒಬ್ಬ ಹೀಗೆ ಓದಿ ಒಳ್ಳೆ ಕೆಲಸಕ್ಕೆ ಸೇರಿದ್ದರೆ ನೀವು ಪೇಟೆಯಲ್ಲಿ ನಿಂತು ಹತ್ತು ಜನಕ್ಕೆ ಹೇಳುತ್ತಿದ್ದಿರಿ.

ಆ ಧಾರಾವಾಹಿ ಬರುತ್ತಿದ್ದ ಕಾಲ ನೆನಪಿದೆಯಲ್ಲ? ನಮ್ಮ ಕಡೆ ಟಿ.ವಿ. ಇದ್ದ ಮನೆಗಳೇ ಕಡಿಮೆ. ಒಬ್ಬ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು. ಒಳಗಿನಿಂದ ಇನ್ನೊಬ್ಬ "ಬಂತು, ಬಂತು... ಹೋಯ್ತು" ಅಂತ ಕೂಗಬೇಕು. ಇಷ್ಟು ಒದ್ದಾಡಿ ನೋಡಿದ್ದಕ್ಕೋ ಏನೋ, ಗೆಳೆಯ ರಾಜಂ ಊರು ಬಿಟ್ಟು ರೈಲು ಹತ್ತುವಾಗಿನ ಸ್ವಾಮಿಯ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದ ಅರಸಾಳು ರೈಲು ನಿಲ್ದಾಣದ ಹಳೆ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಹತ್ತು ವರ್ಷದ ಹುಡುಗ ಮಾಡಿದ ಕೆಲಸಕ್ಕೆ ಇನ್ನೇನು ಬೇಕು? ಆಮೇಲೆ ಅವನು ಹೀರೋ ಆಗಿ ಮರ ಸುತ್ತಿದ್ದರೆ ಆ ಮುಖಕ್ಕೆ ಬೆಲೆ ಜಾಸ್ತಿ ಆಗುತ್ತಿತ್ತಾ?

ಮುಂದುವರಿದವರು ಇಲ್ಲವೇ ಅಂತ ನೀವು ಕೇಳುತ್ತೀರಿ. ಇದ್ದಾರೆ. ಪುನೀತ್ ರಾಜ್‌ಕುಮಾರ್ ಆರು ತಿಂಗಳ ಕೂಸಾಗಿದ್ದಾಗಲೇ ತೆರೆಗೆ ಬಂದವರು. 1985ರ 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ವಿಜಯ ರಾಘವೇಂದ್ರ ಕೂಡ 'ಕೊಟ್ರೇಶಿ ಕನಸು' ಚಿತ್ರಕ್ಕೆ ಅದೇ ಪ್ರಶಸ್ತಿ ಪಡೆದು ಮುಂದೆ ನಾಯಕನಾದರು. ಸಂತೋಷ. ಆದರೆ ಪುನೀತ್ ಕೂಡ 1989ರ ನಂತರ ಕಾಣಿಸಲಿಲ್ಲ. 2002ರಲ್ಲಿ 'ಅಪ್ಪು' ಬರುವ ತನಕ 13 ವರ್ಷ ಕಳೆಯಿತು. ಆಗಲೂ ನಿಮ್ಮಂಥವರೊಬ್ಬರು ಯಾವುದೋ ಪತ್ರಿಕೆಗೆ "ಮಾಸ್ಟರ್ ಲೋಹಿತ್ ಎಲ್ಲಿ?" ಅಂತ, ಪುನೀತ್ ಅವರ ಬಾಲ್ಯದ ಹೆಸರು ಹಿಡಿದು, ಬರೆದಿರಬೇಕು.

ನನಗೆ ಪ್ರೀತಿ ಜಾಸ್ತಿ ಇರುವುದು ವಾಪಸ್ ಬಾರದವರ ಮೇಲೆ. 1977ರ 'ಘಟಶ್ರಾದ್ಧ' ನೋಡಿದ್ದೀರಲ್ಲ? ಅದರಲ್ಲಿ ನಾಣಿಯಾಗಿದ್ದ ಹುಡುಗ ಅಜಿತ್ ಕುಮಾರ್. ಅವನಿಗೂ ರಾಷ್ಟ್ರಪ್ರಶಸ್ತಿ ಬಂತು. ದೊಡ್ಡವರ ಕ್ರೌರ್ಯವನ್ನು ಅರ್ಥವಾಗದೆ ನೋಡುತ್ತಾ ನಿಲ್ಲುವ ಆ ಕಣ್ಣು ಒಂದೇ ಸಾಕು. ಕೆಲಸ ಪೂರ್ತಿಯಾಯಿತು.

ಇದನ್ನು ಕೊಡಗಿನವರಿಗೆ ನಾನು ಹೇಳಿಕೊಡಬೇಕಾ? ಕೂಡಿಗೆ ಕ್ರೀಡಾಶಾಲೆಯಲ್ಲಿ, ಪೊನ್ನಂಪೇಟೆ ಕಡೆ ಹಾಕಿ ಆಡಿ ಬೆಳೆದ ಮಕ್ಕಳು ಎಷ್ಟಿಲ್ಲ! ಹದಿನಾರಕ್ಕೆ ಜೂನಿಯರ್ ತಂಡದಲ್ಲಿ ಆಡಿ, ಆಮೇಲೆ ಬ್ಯಾಂಕೋ ಸೇನೆಯೋ ಅಪ್ಪನ ಕಾಫಿ ತೋಟವೋ ಸೇರಿದವರು ಊರಿಗೊಬ್ಬರು ಸಿಗುತ್ತಾರೆ. ಅವರನ್ನು ನೋಡಿ ಯಾರಾದರೂ ಲೊಚಗುಟ್ಟುತ್ತಾರಾ? 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಗೆ ಒಮ್ಮೆ ಹೋಗಿ ಕೂತು ನೋಡಿ. ಮೀಸೆ ಬೆಳ್ಳಗಾದ ಫುಲ್‌ಬ್ಯಾಕ್ ಮೊಮ್ಮಗನ ಜೊತೆ ಮೈದಾನಕ್ಕೆ ಇಳಿಯುತ್ತಾನೆ. ಇಂಡಿಯಾ ಟೀಮಿಗೆ ಯಾಕೆ ಹೋಗಲಿಲ್ಲ ಅಂತ ಅವನನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ಸಿನಿಮಾದವರ ವಿಷಯಕ್ಕೆ ಬಂದರೆ ಮಾತ್ರ ನಮಗೆ ಈ ಚಟ. ಪತ್ರಿಕೆಗಳಿಗೂ ಅಷ್ಟೇ. ಹಳೆ ಫೋಟೋ ಒಂದು, ಈಗಿನ ಬೊಕ್ಕತಲೆಯ ಫೋಟೋ ಒಂದು, ಪಕ್ಕಪಕ್ಕ ಹಾಕಿ 'ಅಂದು ಇಂದು' ಅಂತ ಪುಟ ತುಂಬಿಸುವುದು. ನಾನು ಇರುವ ತನಕ ಈ ಪತ್ರಿಕೆಯಲ್ಲಿ ಆ ಪುಟ ಬರುವುದಿಲ್ಲ.

ಯಾರು ಹೊಣೆ ಅಂತ ಕೇಳಿದಿರಿ. ಬೆಳೆದ ಮೇಲೆ ಅವಕಾಶ ಕೊಡದವರ ಬಗ್ಗೆ ಸಿಟ್ಟಾಗುವ ಬದಲು, ಚಿಕ್ಕವರಿದ್ದಾಗ ದುಡಿಸಿಕೊಂಡವರ ಬಗ್ಗೆ ಕೇಳಿ.

ಕೆಲವು ವರ್ಷಗಳ ಹಿಂದೆ ಮಡಿಕೇರಿ ಸಮೀಪದ ತೋಟವೊಂದಕ್ಕೆ ಶೂಟಿಂಗ್‌ನವರು ಬಂದಿದ್ದರು. ಜುಲೈ ತಿಂಗಳು. ಸುಮ್ನೆ ನೋಡೋಣ ಅಂತ ಹೋದೆ. ಆರು ವರ್ಷದ ಹುಡುಗಿ, ತೆಳ್ಳನೆ ಫ್ರಾಕು, ಒದ್ದೆ ಹುಲ್ಲಿನಲ್ಲಿ ಓಡಬೇಕು. ಓಡಿದಳು. ಮತ್ತೆ ಓಡಿಸಿದರು. ಮೋಡ ಸರಿಯಾಗಿ ಬರಲಿಲ್ಲ ಅಂತ ಇನ್ನೊಮ್ಮೆ. ಕೊನೆಗೆ ಅವಳ ಅಮ್ಮ ಕಾಲುಚೀಲ ಇಳಿಸಿದರೆ ಹಿಮ್ಮಡಿಯ ಹತ್ತಿರ ಎರಡು ಜಿಗಣೆ ರಕ್ತ ಕುಡಿದು ಊದಿಕೊಂಡಿವೆ. ತೋಟದ ಆಳೊಬ್ಬ ಬಾಯಲ್ಲಿದ್ದ ಹೊಗೆಸೊಪ್ಪು ಉಗಿದು ಹಚ್ಚಿ ಬಿಡಿಸಿದ. ಹುಡುಗಿ ಅಳಲಿಲ್ಲ. "ಅತ್ತರೆ ಮೇಕಪ್ ಹೋಗುತ್ತೆ ಅಂಕಲ್" ಅಂದಳು. ಸ್ಕೂಲಿಗೆ ರಜೆನಾ ಅಂತ ಕೇಳಿದೆ. "ಸ್ಕೂಲು ಸಂಜೆ ವಾಟ್ಸಾಪ್‌ನಲ್ಲಿ ಬರುತ್ತೆ." ಮ್ಯಾನೇಜರನ್ನು ಹಿಡಿದು, ಡಿ.ಸಿ. ಅನುಮತಿ ತಗೊಂಡಿದ್ದೀರಾ ಅಂದೆ. "ಯಾವ ಡಿ.ಸಿ. ಸಾರ್?" ಅಂತ ನನ್ನನ್ನೇ ಕೇಳಿದ.

ಕಾನೂನು ಇಲ್ಲ ಅಂತಲ್ಲ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆ ತಿದ್ದಿದರು, 2017ರಲ್ಲಿ ನಿಯಮ ಬಂತು. ಮಗು ಸಿನಿಮಾ, ಧಾರಾವಾಹಿ, ಜಾಹೀರಾತಿನಲ್ಲಿ ನಟಿಸಬಹುದು. ಆದರೆ ಎಲ್ಲಿ ಚಿತ್ರೀಕರಣವೋ ಆ ಜಿಲ್ಲೆಯ ಮ್ಯಾಜಿಸ್ಟ್ರೇಟರ, ಅಂದರೆ ಡಿ.ಸಿ.ಯವರ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಬಿಡುವು ಕೊಡದೆ 3 ಗಂಟೆ ಮೀರುವಂತಿಲ್ಲ. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಓದು ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ಮಗುವಿಗೆ ಇಷ್ಟವಿಲ್ಲದಿದ್ದರೆ ನಟಿಸುವಂತೆ ಮಾಡಲೇಬಾರದು. ಇಷ್ಟೂ ಬರೆದಿಟ್ಟಿದ್ದಾರೆ. ಓದಿದವರು ಯಾರು?

ದುಡ್ಡಿನ ವಿಷಯ ಹಳೆಯದೇ. ಚಾಪ್ಲಿನ್ ಜೊತೆ 1921ರ 'ದಿ ಕಿಡ್'ನಲ್ಲಿ ನಟಿಸಿದ ಜಾಕಿ ಕೂಗನ್ ಆ ಕಾಲಕ್ಕೇ ಲಕ್ಷಾಂತರ ಡಾಲರ್ ದುಡಿದ ಹುಡುಗ. ದೊಡ್ಡವನಾಗಿ ನನ್ನ ದುಡ್ಡು ಎಲ್ಲಿ ಅಂದರೆ ತಾಯಿ, ಮಲತಂದೆ ಸೇರಿ ಮುಗಿಸಿದ್ದರು. 1938ರಲ್ಲಿ ಹೆತ್ತ ತಾಯಿಯ ಮೇಲೇ ಕೇಸು ಹಾಕಿದ. ಕೈಗೆ ಸಿಕ್ಕಿದ್ದು ಅಲ್ಪಸ್ವಲ್ಪ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆ ಕಾಯುವ ಕಾನೂನು ಬಂತು. ಅದನ್ನು ಇವತ್ತಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

'ಬೆಟ್ಟದ ಹೂವು' ಚಿತ್ರದ ರಾಮು ಕಾಡಿನ ಹೂ ಹುಡುಕಿ, ಮಾರಿ, 'ಶ್ರೀ ರಾಮಾಯಣ ದರ್ಶನಂ' ಕೊಳ್ಳಲು ಕಾಸು ಕೂಡಿಡುತ್ತಾನೆ. ಕೊನೆಗೆ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಥಿಯೇಟರಿನಲ್ಲಿ ಕೂತು ನಾವೆಲ್ಲ ಅತ್ತೆವು, ಅಲ್ವಾ? ತೆರೆ ಮೇಲೆ ಮಗು ಮನೆಗಾಗಿ ದುಡಿದರೆ ಅಳು. ತೆರೆ ಹಿಂದೆ ಇನ್ನೊಂದು ಮಗು ನಿಜವಾಗಿ ದುಡಿದರೆ ಶಿಳ್ಳೆ.

ಈಗಂತೂ ಸಿನಿಮಾದವರೇ ಬರಬೇಕೆಂದಿಲ್ಲ. ಮೊನ್ನೆ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದಿದ್ದರು. ವೇದಿಕೆ ಮೇಲೆ ಮಕ್ಕಳು, ಕೆಳಗೆ ಅಪ್ಪ ಅಮ್ಮಂದಿರ ಫೋನುಗಳ ಸಾಲು. ಒಬ್ಬ ತಾಯಿ ಮಗಳನ್ನು ವೇದಿಕೆಯಿಂದ ಇಳಿಸಿಕೊಂಡು, ವಿಡಿಯೋ ಸರಿ ಬರಲಿಲ್ಲ ಅಂತ ಅಂಗಳದಲ್ಲಿ ಇನ್ನೊಮ್ಮೆ ಕುಣಿಸಿದರು. ಮಗುವಿಗೆ ನಿದ್ದೆ ಎಳೆಯುತ್ತಿತ್ತು. ಭಾಷಣದಲ್ಲಿ ಇದನ್ನೇ ಹೇಳಿದೆ. ಚಪ್ಪಾಳೆ ಬೀಳಲಿಲ್ಲ. ಹೊರಗೆ ಬಂದ ಮೇಲೆ ಮುಖ್ಯೋಪಾಧ್ಯಾಯರು "ಸ್ವಲ್ಪ ಜಾಸ್ತಿ ಆಯ್ತು ಸಾರ್" ಅಂದರು. ಮುಂದಿನ ವರ್ಷ ಕರೆಯಲಾರರು, ಬಿಡಿ.

ಇನ್ನು ನಿಮ್ಮ ಮೊಮ್ಮಗ. ಬೇಡವೇ ಬೇಡ ಅನ್ನಲು ನಾನು ಯಾರು? ಮೊದಲು ಅವನನ್ನೇ ಕೇಳಿ. ಅಜ್ಜ ಎದುರಿಗೆ ಕೂತು "ಹೋಗ್ತೀಯಲ್ವಾ?" ಅಂದರೆ ಅದು ಕೇಳಿದ ಹಾಗಲ್ಲ. ಅವನಿಗೆ ಆಸೆ ಇದ್ದರೆ, ಬೇಸಿಗೆ ರಜೆಯಲ್ಲಿ ಮುಗಿಯುವ ಕೆಲಸವಾದರೆ ಯೋಚಿಸಿ. ಧಾರಾವಾಹಿ ಅಂದರೆ ಎಷ್ಟು ಕಂತು ಅಂತ ಬರಹದಲ್ಲಿ ತಗೊಳ್ಳಿ. ಜೊತೆಗೆ ನೀವೇ ಹೋಗಿ, ಪೆನ್ಷನ್ ಬರುತ್ತದೆ, ಪುರುಸೊತ್ತಿದೆ. ಮತ್ತೆ ಅವರು ಫೋನ್ ಮಾಡಿದಾಗ ಮೂರೇ ಪ್ರಶ್ನೆ ಕೇಳಿ. ಅನುಮತಿ ಪತ್ರ ಎಲ್ಲಿ, ದಿನಕ್ಕೆ ಎಷ್ಟು ಗಂಟೆ, ಠೇವಣಿ ಯಾವ ಬ್ಯಾಂಕಿನಲ್ಲಿ. ಅಷ್ಟು ಕೇಳಿದ ಮೇಲೂ ಅವರು ಇನ್ನೊಮ್ಮೆ ಫೋನ್ ಮಾಡಿದರೆ ನನಗೊಂದು ಕಾರ್ಡು ಹಾಕಿ. ಅವರ ಹೆಸರನ್ನು ಈ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ.